ಹೊಟ್ಟೆಯೊಳಗಿನ ಬೆಂಕಿ

ನಮ್ಮ ಬಚ್ಚಲಿನ ಹಂಡೆಗೆ ಬೆಂಕಿ ಕೆಳಗೆ. ನಡುವೆ ಕೊಳವೆಯಿರುವ ತಾಮ್ರದ ಬಾಯ್ಲರಿಗೆ ಬೆಂಕಿ ಹೊಟ್ಟೆಯೊಳಗೇ. ಇಂಥದೇ ಭೇದಕ್ಕಾಗಿ 1922ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಪುಟ್ಟ ಉಗಿಬಂಡಿ ಕಟ್ಟುವವರು ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯಲ್ಲಿ ಕಾದಾಡಿದರು. ಸಣ್ಣದಕ್ಕೆ ಸ್ಪಿರಿಟ್ ದೀಪವೇ ಸಾಕೆಂದು ಬಲ್ಲವರ ವಾದ. ಬಲ್ಲವರು ಹೀಗೆನ್ನುವುದು ನನಗೇನೂ ಹೊಸದಲ್ಲ! ಎಲ್.ಬಿ.ಎಸ್.ಸಿ. ಎಂದು ಸಹಿ ಹಾಕುತ್ತಿದ್ದ ಲೇಖಕ ಮಾತ್ರ, ದೊಡ್ಡ ಎಂಜಿನ್ನಿನಂತೆಯೇ ಕಲ್ಲಿದ್ದಲು ಉರಿಸಿ, ಬಿಸಿಹೊಗೆಯನ್ನು ನೀರಿನ ನಡುವಣ ಕೊಳವೆಗಳಲ್ಲಿ ಹಾಯಿಸಬೇಕೆಂದ. ಎರಡೂವರೆ ಇಂಚು ಅಗಲದ ಹಳಿಯ ಮೇಲೆ ಆತನ ‘ಆಯೇಷಾ’ ಎಂಬ ಎಂಜಿನ್ನು ಬೆಳೆದ ಆಳನ್ನೇ ಎಳೆಯಿತು.

ಇಂಥ ಬಾಯ್ಲರು ಕಟ್ಟುವುದು ಕಂಚುಗಾರರ ಕೆಲಸದಂತೆಯೇ. ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ಮೆದು ಮಾಡಿ, ಅಂಚು ಬಡಿದು ಮಡಿಸಬೇಕು; ಬಡಿದಂತೆ ಗಡುಸಾಗುತ್ತದೆ, ಮತ್ತೆ ಕಾಯಿಸಬೇಕು. ಬೆಸುಗೆಗೆ ಈಗ ಬೆಳ್ಳಿ ಬೆರೆತ ಲೋಹ. ಕೊನೆಯ ಪರೀಕ್ಷೆ ನನಗೆ ಬಲು ಮೆಚ್ಚು: ತಣ್ಣೀರು ತುಂಬಿ, ಕೈಪಂಪಿನಿಂದ ಇಮ್ಮಡಿ ಒತ್ತಡ ಏರಿಸುತ್ತಾರೆ. ಉಗಿಯಾದರೆ ಸಿಡಿದೀತು, ನೀರಾದರೆ ಬಿರುಕಿದ್ದಲ್ಲಿ ಸೋರುತ್ತದೆ, ಅಷ್ಟೆ.