ಅಳಿಸಿದರೂ ಅಳಿಯದ ಬರೆಹ

ಅಂಗೈಯಲ್ಲಿ ಹಿಡಿಯುವ ಗಣಕಯಂತ್ರಗಳ ಚರಿತ್ರೆಯಲ್ಲಿ 1984ನೆಯ ಇಸವಿಯು ಸ್ಮರಣೀಯವಾದುದು. ಡೇವಿಡ್ ಪಾಟರ್ ಎಂಬವರು 1980ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಸಯಾನ್ ಸಂಸ್ಥೆಯು ಆ ವರ್ಷ ‘ಆರ್ಗನೈಸರ್’ ಎಂಬ ಯಂತ್ರವನ್ನು ಹೊರತಂದಿತು. ಅದರ ತೆರೆಯ ಮೇಲೆ ಮೂಡುತ್ತಿದ್ದುದು ಒಂದೇ ಸಾಲು. ಅದರಲ್ಲಿ 16 ಅಕ್ಷರಗಳು. ಬರೆದುದನ್ನು ಕಾಪಿಡಲು ‘ಡೇಟಾಪ್ಯಾಕ್’ ಎಂಬ ಪುಟ್ಟ ಸ್ಮೃತಿಪೆಟ್ಟಿಗೆಗಳಿದ್ದುವು. ಗಣಿತ, ವಿಜ್ಞಾನ, ಹಣಕಾಸುಗಳ ತಂತ್ರಾಂಶಗಳೂ ಇಂಥ ಪೆಟ್ಟಿಗೆಗಳಲ್ಲಿಯೇ ಮಾರಾಟಕ್ಕೆ ಬರುತ್ತಿದ್ದುವು.

ಇವುಗಳ ಸ್ವಭಾವವು ವಿಚಿತ್ರವಾದುದು. ವಿಳಾಸವೊಂದನ್ನು ಅಳಿಸೆಂದರೆ ಯಂತ್ರವು ಅದಕ್ಕೆ ‘ತೆಗೆದುದು’ ಎಂಬ ಗುರುತನ್ನು ಮಾತ್ರ ಹಾಕುತ್ತಿತ್ತು. ಅಕ್ಷರಗಳು ಅಲ್ಲಿಯೇ ಉಳಿದು ಸ್ಥಳವನ್ನು ಆಕ್ರಮಿಸಿರುತ್ತಿದ್ದುವು. ಪೆಟ್ಟಿಗೆಯು ತುಂಬಿದ ಮೇಲೆ ಅದನ್ನು ಅತಿನೇರಳೆ ಕಿರಣಗಳಿಗೊಡ್ಡಿ ಸಮಸ್ತವನ್ನೂ ಒಮ್ಮೆಗೇ ತೊಡೆಯಬೇಕಾಗಿತ್ತು. ಸ್ಲೇಟನ್ನು ಅಂಗೈಯಿಂದ ಒರಸಿ ಕಲಿತ ನಮಗೆ ಇದು ಸೋಜಿಗವೆನಿಸೀತು.

ಆದರೆ ಆ ಬರೆಹವೂ ಶಾಶ್ವತವಲ್ಲ. ಸೆರೆಹಿಡಿದಿಟ್ಟ ವಿದ್ಯುದಂಶವೇ ಅಲ್ಲಿ ಮಸಿ. ದಶಕಗಳು ಕಳೆದಂತೆ ಅದು ತಾನಾಗಿ ಸೋರಿಹೋಗಬಲ್ಲುದು. ಆದುದರಿಂದ ಹಳೆಯ ಪೆಟ್ಟಿಗೆ ದೊರೆತವರು ಮೊದಲು ಮಾಡತಕ್ಕುದು, ಓಲೆಗರಿಯು ಶಿಥಿಲವಾಗುವ ಮುನ್ನ ನಮ್ಮ ಲಿಪಿಕಾರರು ಮಾಡುತ್ತಿದ್ದುದನ್ನೇ: ಅಕ್ಷರ ಬಿಡದೆ ಪ್ರತಿಮಾಡುವುದು. ಹಾಗೆ ಪ್ರತಿಮಾಡಿದಾಗ, ಒಡೆಯನು ಎಂದೋ ತೆಗೆದುಹಾಕಿದೆನೆಂದು ನಂಬಿದ್ದ ಸಾಲುಗಳೂ ಜೊತೆಯಲ್ಲಿ ಬಂದುಬಿಡುತ್ತವೆ. ನಾನಾದರೆ ಅವನ್ನು ಪ್ರತಿಮಾಡಿಯೇನು, ಓದೆನು.