ವಿಂಟೇಜ್ ರೇಸ್ ಕಾರು

ವಿಂಟೇಜ್ ರೇಸ್ ಕಾರು ಎಂಬುದು ಮೋಟಾರು ಸ್ಪರ್ಧೆಗಳಲ್ಲಿ ಓಡುವುದಕ್ಕೆಂದೇ ನಿರ್ಮಿಸಲಾದ ಅಥವಾ ಅದಕ್ಕಾಗಿ ಮಾರ್ಪಡಿಸಲಾದ, ಈಗ ಐತಿಹಾಸಿಕ ಮಹತ್ವ ಪಡೆದಿರುವ ಹಳೆಯ ಕಾರು. ಸ್ಪರ್ಧೆಯ ಕಾಲ ಮುಗಿದ ಮೇಲೆ ಇಂತಹ ಕಾರುಗಳಲ್ಲಿ ಬಹುಪಾಲು ಗುಜರಿಗೆ ಸೇರಿದವು. ಉಳಿದವು ಸಂಗ್ರಹಾಲಯಗಳಲ್ಲಿ ಮತ್ತು ಖಾಸಗಿ ಸಂಗ್ರಹಗಳಲ್ಲಿವೆ. ಕೆಲವು ಇಂದಿಗೂ ಐತಿಹಾಸಿಕ ಸ್ಪರ್ಧೆಗಳಲ್ಲಿ ಓಡುತ್ತವೆ. ಯುರೋಪ್ ಮತ್ತು ಅಮೆರಿಕಗಳಲ್ಲಿ ಇವುಗಳಿಗೆ ದೊಡ್ಡ ಪ್ರೇಕ್ಷಕವರ್ಗವಿದೆ. ಕರ್ನಾಟಕದಲ್ಲಿ ಹಳೆಯ ವಾಹನಗಳ ಮೇಲಿನ ಆಸಕ್ತಿಯು ರೇಸ್ ಪಥಕ್ಕಿಂತ ಹೆಚ್ಚಾಗಿ ರ‍್ಯಾಲಿ, ಮೆರವಣಿಗೆ ಮತ್ತು ಸಂಗ್ರಹಾಲಯಗಳ ಸುತ್ತ ಬೆಳೆದಿದೆ.

ಹೆಸರು ಮತ್ತು ವ್ಯಾಪ್ತಿ

'ವಿಂಟೇಜ್' ಎಂಬ ಪದಕ್ಕೆ ಎಲ್ಲೆಡೆ ಒಂದೇ ಅರ್ಥವಿಲ್ಲ. ಬ್ರಿಟನ್ನಿನಲ್ಲಿ 1934ರಲ್ಲಿ ಸ್ಥಾಪನೆಯಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ 1930ರ ಅಂತ್ಯದೊಳಗೆ ತಯಾರಾದ ಕಾರುಗಳನ್ನು ಮಾತ್ರ ಈ ಹೆಸರಿನಿಂದ ಗುರುತಿಸುತ್ತದೆ. 1966ರಲ್ಲಿ ಆರಂಭವಾದ ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 'ಫೀವಾ' ಕನಿಷ್ಠ 30 ವರ್ಷ ಹಳೆಯದಾದ, ಮೂಲ ಸ್ವರೂಪದಲ್ಲಿ ಕಾಪಾಡಲಾದ, ದೈನಂದಿನ ಸಂಚಾರಕ್ಕೆ ಬಳಕೆಯಾಗದ ವಾಹನವನ್ನು ಐತಿಹಾಸಿಕ ವಾಹನವೆಂದು ಪರಿಗಣಿಸುತ್ತದೆ. ಭಾರತದ ಕಾನೂನಿನಲ್ಲಿ ಈ ಮಿತಿ 50 ವರ್ಷ. ಕನ್ನಡದ ಪತ್ರಿಕೆಗಳಲ್ಲಿಯೂ ಆಡುಮಾತಿನಲ್ಲಿಯೂ ಹಳೆಯ ಕಾರುಗಳೆಲ್ಲವನ್ನೂ ಸಾಮಾನ್ಯವಾಗಿ 'ವಿಂಟೇಜ್ ಕಾರು' ಎಂದೇ ಕರೆಯುವುದು ರೂಢಿ.

ಹಿನ್ನೆಲೆ

ಕಾರು ಹುಟ್ಟಿದ ಕೆಲವೇ ವರ್ಷಗಳಲ್ಲಿ ಕಾರಿನ ಸ್ಪರ್ಧೆಯೂ ಹುಟ್ಟಿತು. 1894ರಲ್ಲಿ ಫ್ರಾನ್ಸಿನ ಪ್ಯಾರಿಸ್–ರೂಆನ್ ನಡುವೆ ನಡೆದ ಓಟವನ್ನು ಮೊದಲ ಮೋಟಾರು ಸ್ಪರ್ಧೆಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. 1906ರಲ್ಲಿ ಫ್ರೆಂಚ್ ಗ್ರ್ಯಾನ್ ಪ್ರಿ ಆರಂಭವಾಯಿತು. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೋಟಾರು ರೇಸಿಗಾಗಿಯೇ ಕಟ್ಟಿದ ಪಥ ಬಳಕೆಗೆ ಬಂತು. 1923ರಲ್ಲಿ ಲಾ ಮಾನ್ಸ್‌ನ 24 ಗಂಟೆಗಳ ಓಟವೂ 1927ರಲ್ಲಿ ಇಟಲಿಯ ಸಾರ್ವಜನಿಕ ರಸ್ತೆಗಳಲ್ಲಿ ನಡೆಯುವ ಮಿಲ್ಲೆ ಮಿಲ್ಯಾ ಓಟವೂ ಮೊದಲಾದವು. ಬುಗಾಟಿ ಟೈಪ್ 35, ಬೆಂಟ್ಲಿ, ಆಲ್ಫಾ ರೋಮಿಯೋ, ಮಾಸೆರಾಟಿ, ಮರ್ಸಿಡಿಸ್ ಮೊದಲಾದ ಕಾರುಗಳು ಇಂತಹ ಓಟಗಳಲ್ಲಿ ಹೆಸರು ಗಳಿಸಿದವು.

ಆ ಕಾಲದಲ್ಲಿ ಹಳೆಯ ರೇಸ್ ಕಾರಿಗೆ ಬೆಲೆಯಿರಲಿಲ್ಲ. ಹೊಸ ಮಾದರಿ ಬಂದೊಡನೆ ಹಿಂದಿನ ವರ್ಷದ ಕಾರು ಮೂಲೆಗುಂಪಾಗುತ್ತಿತ್ತು. ಅದರ ಎಂಜಿನ್ ಮತ್ತೊಂದು ಕಾರಿಗೆ ಸೇರುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಹವ್ಯಾಸಿಗಳು ಅಳಿದುಳಿದ ಕಾರುಗಳನ್ನು ಹುಡುಕಿ ದುರಸ್ತಿಗೊಳಿಸಿದರು. ಕ್ರಮೇಣ ಅವು ಮತ್ತೆ ಓಡುವ ವೇದಿಕೆಗಳು ಸಿದ್ಧವಾದವು. ಅಪಘಾತದಲ್ಲಿ ಪ್ರೇಕ್ಷಕರು ಸತ್ತ ಕಾರಣ 1957ರಲ್ಲಿ ನಿಂತುಹೋಗಿದ್ದ ಮಿಲ್ಲೆ ಮಿಲ್ಯಾ 1977ರಿಂದ ಹಳೆಯ ಕಾರುಗಳ ಸ್ಮರಣಾರ್ಥ ಯಾನವಾಗಿ ಮರುಹುಟ್ಟು ಪಡೆಯಿತು. ಮೊನಾಕೊದ ಐತಿಹಾಸಿಕ ಗ್ರ್ಯಾನ್ ಪ್ರಿ 1997ರಲ್ಲಿ, ಇಂಗ್ಲೆಂಡಿನ ಗುಡ್‌ವುಡ್ ರಿವೈವಲ್ 1998ರಲ್ಲಿ, ಲಾ ಮಾನ್ಸ್ ಕ್ಲಾಸಿಕ್ 2002ರಲ್ಲಿ ಆರಂಭವಾದವು.

ಆಕರ್ಷಣೆಯ ಕಾರಣಗಳು

ಇಂದಿನ ರೇಸ್ ಕಾರುಗಳು ಹಳೆಯವುಗಳಿಗಿಂತ ಬಹಳ ವೇಗವಾಗಿ ಓಡುತ್ತವೆ. ಆದರೂ ಹಳೆಯ ಕಾರುಗಳನ್ನು ನೋಡಲು ಜನ ಸೇರುವುದಕ್ಕೆ ಹಲವು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ಚಾಲಕನ ಶ್ರಮ ಕಣ್ಣಿಗೆ ಕಾಣುವುದು. ಹಳೆಯ ಕಾರಿನಲ್ಲಿ ಚಾಲಕನ ತಲೆ, ಭುಜ, ಕೈಗಳು ಹೊರಗೆ ಕಾಣುತ್ತವೆ. ಕಿರಿದಾದ ಟೈರುಗಳು ತಿರುವಿನಲ್ಲಿ ಜಾರುತ್ತವೆ. ಆತ ಸ್ಟೀರಿಂಗ್ ಚಕ್ರದೊಡನೆ ಸೆಣಸಾಡುವುದನ್ನು ಪ್ರೇಕ್ಷಕ ನೇರವಾಗಿ ಕಾಣಬಲ್ಲ. ಆಧುನಿಕ ಕಾರಿನಲ್ಲಿ ಚಾಲಕನ ಶಿರಸ್ತ್ರಾಣವಷ್ಟೇ ಕಾಣುತ್ತದೆ, ಉಳಿದ ಹೋರಾಟ ಅಂಕಿ–ಅಂಶಗಳಲ್ಲಿ ಅಡಗಿರುತ್ತದೆ.

ಎರಡನೆಯದು ಯಂತ್ರದ ಸರಳತೆ. ಕಾರ್ಬುರೇಟರ್, ಮ್ಯಾಗ್ನೆಟೋ, ಡ್ರಮ್ ಬ್ರೇಕ್ ಮುಂತಾದ ಭಾಗಗಳನ್ನು ಬಾನೆಟ್ ತೆರೆದೊಡನೆ ಬೆರಳಿಟ್ಟು ತೋರಿಸಬಹುದು. ಪಂಪ್‌ಸೆಟ್ಟಿನ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಗ್ರಾಮೀಣ ಮೆಕ್ಯಾನಿಕನಿಗೂ ಅವುಗಳ ಕೆಲಸ ಅರ್ಥವಾಗುತ್ತದೆ.

ಮೂರನೆಯದು ಶಬ್ದ ಮತ್ತು ವಾಸನೆ. ಹಳೆಯ ರೇಸ್ ಎಂಜಿನ್‌ಗಳಲ್ಲಿ ಹರಳೆಣ್ಣೆ ಬೆರೆತ ಕೀಲೆಣ್ಣೆಯ ಬಳಕೆಯಿತ್ತು. ಹೆಚ್ಚಿನ ಶಾಖದಲ್ಲಿಯೂ ಹರಳೆಣ್ಣೆಯ ಪದರ ಲೋಹದ ಮೇಲೆ ಉಳಿಯುವುದೇ ಇದಕ್ಕೆ ಕಾರಣ. 'ಕ್ಯಾಸ್ಟ್ರಾಲ್' ಎಂಬ ಪ್ರಸಿದ್ಧ ಎಣ್ಣೆಯ ಹೆಸರು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಬಂದಿದೆ. ಒಣಭೂಮಿಯ ರೈತರು ಬೆಳೆಯುವ ಔಡಲ ಬೀಜದ ಎಣ್ಣೆ ಉರಿದಾಗ ಬರುವ ಸಿಹಿಮಿಶ್ರಿತ ಕಮಟು ವಾಸನೆಯನ್ನು ರೇಸ್ ಅಭಿಮಾನಿಗಳು ಇಂದಿಗೂ ಗುರುತಿಸುತ್ತಾರೆ.

ನಾಲ್ಕನೆಯದು ಸಾಮೀಪ್ಯ. ಐತಿಹಾಸಿಕ ಸ್ಪರ್ಧೆಗಳಲ್ಲಿ ಪ್ರೇಕ್ಷಕರು ಕಾರುಗಳನ್ನು ಸಜ್ಜುಗೊಳಿಸುವ ಅಂಗಳದವರೆಗೂ ಹೋಗಿ ಮಾಲೀಕರೊಡನೆ, ಮೆಕ್ಯಾನಿಕರೊಡನೆ ಮಾತನಾಡಬಹುದು. ಗುಡ್‌ವುಡ್ ರಿವೈವಲ್‌ನಲ್ಲಿ ಪ್ರೇಕ್ಷಕರೂ 1940–60ರ ದಶಕಗಳ ಉಡುಪು ಧರಿಸಿ ಬರುವುದರಿಂದ ಅವರೂ ಪ್ರದರ್ಶನದ ಭಾಗವೇ ಆಗುತ್ತಾರೆ.

ಪ್ರೇಕ್ಷಕವರ್ಗ

ಈ ಕಾರುಗಳ ಪ್ರೇಕ್ಷಕರನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು. ಕಾರುಗಳು ಹೊಸದಾಗಿದ್ದಾಗ ಅವುಗಳ ಓಟವನ್ನು ಕಂಡವರು ಅಥವಾ ರೇಡಿಯೋ, ಪತ್ರಿಕೆಗಳ ಮೂಲಕ ತಿಳಿದವರು ಮೊದಲ ಗುಂಪು. ವಯಸ್ಸಿನ ಕಾರಣದಿಂದ ಇವರ ಸಂಖ್ಯೆ ಕುಗ್ಗುತ್ತಿದೆ. ಎರಡನೆಯ ಗುಂಪು ಸಂಗ್ರಾಹಕರು, ದುರಸ್ತಿಗಾರರು ಮತ್ತು ಇತಿಹಾಸಾಸಕ್ತರದು. ಮೂರನೆಯ ಗುಂಪು ಚಲನಚಿತ್ರ, ವಿಡಿಯೋ ಗೇಮ್ ಮತ್ತು ಅಂತರಜಾಲದ ಮೂಲಕ ಬಂದ ಯುವಜನರದು. 1966ರ ಲಾ ಮಾನ್ಸ್ ಓಟವನ್ನು ಆಧರಿಸಿದ 'ಫೋರ್ಡ್ ವರ್ಸಸ್ ಫೆರಾರಿ' (2019), 1976ರ ಫಾರ್ಮುಲಾ ಒನ್ ಪೈಪೋಟಿಯನ್ನು ಆಧರಿಸಿದ 'ರಶ್' (2013) ಚಿತ್ರಗಳು ಆ ಕಾಲವನ್ನು ಕಂಡಿರದ ಪೀಳಿಗೆಗೆ ಈ ಕಾರುಗಳನ್ನು ಪರಿಚಯಿಸಿದವು. ಮೊದಲ ಗುಂಪಿನ ನೆನಪು, ಎರಡನೆಯ ಗುಂಪಿನ ಕೌಶಲ ಮೂರನೆಯ ಗುಂಪಿಗೆ ದಾಟುವುದರ ಮೇಲೆ ಈ ಹವ್ಯಾಸದ ಭವಿಷ್ಯ ನಿಂತಿದೆ.

ಭಾರತದಲ್ಲಿ

1904ರಲ್ಲಿ ದೆಹಲಿಯಿಂದ ಮುಂಬಯಿಗೆ ನಡೆದ ಕಾರುಗಳ ಕ್ಷಮತಾ ಪರೀಕ್ಷೆಯು ಭಾರತದ ಆರಂಭಿಕ ಮೋಟಾರು ಸ್ಪರ್ಧೆಗಳಲ್ಲೊಂದು. ಸ್ವಾತಂತ್ರ್ಯಾನಂತರ ರೇಸಿಂಗ್ ಮುಖ್ಯವಾಗಿ ಯುದ್ಧಕಾಲದ ವಿಮಾನ ಪಟ್ಟಿಗಳನ್ನು ಆಶ್ರಯಿಸಿತು. 1953ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಸ್ಥಾಪನೆಯಾಯಿತು. ಮದ್ರಾಸಿನ ಸಮೀಪದ ಶೋಲಾವರಂ ವಿಮಾನ ಪಟ್ಟಿಯ ಓಟಗಳು ದಕ್ಷಿಣ ಭಾರತದ ರೇಸ್ ಪ್ರಿಯರ ವಾರ್ಷಿಕ ಜಾತ್ರೆಯಂತಿದ್ದವು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಶಾಶ್ವತ ಪಥ ಸಿದ್ಧವಾದ ಮೇಲೆ ಓಟಗಳು ಅಲ್ಲಿಗೆ ಸ್ಥಳಾಂತರಗೊಂಡವು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2003ರಲ್ಲಿ ಆರಂಭವಾಯಿತು.

ವಿದೇಶಿ ಕಾರುಗಳ ಆಮದಿಗೆ ಕಟ್ಟುನಿಟ್ಟಿನ ನಿರ್ಬಂಧವಿದ್ದ ಕಾಲದಲ್ಲಿ ಭಾರತದ ಸ್ಪರ್ಧಿಗಳು ಫಿಯೆಟ್, ಅಂಬಾಸಡರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳನ್ನೇ ಹಗುರಗೊಳಿಸಿ, ಎಂಜಿನ್‌ಗಳನ್ನು ಚುರುಕುಗೊಳಿಸಿ ಓಡಿಸಿದರು. ಮುಂದೆ ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಎಂಜಿನ್ ಬಳಸಿ ಕಡಿಮೆ ವೆಚ್ಚದ ಏಕಾಸನ ರೇಸ್ ಕಾರುಗಳನ್ನು ನಿರ್ಮಿಸಿದರು. ಹೀಗಾಗಿ ಭಾರತದ ರೇಸ್ ಪರಂಪರೆಯಲ್ಲಿ ರಾಜಮಹಾರಾಜರ ವಿದೇಶಿ ಕಾರುಗಳಷ್ಟೇ ಮುಖ್ಯವಾದ ಪಾತ್ರ ಮಧ್ಯಮವರ್ಗದ ಮನೆಯಂಗಳದಲ್ಲಿದ್ದ ಕಾರುಗಳದು. ಆದರೆ ಸಂಗ್ರಾಹಕರ ಗಮನ ಇಂತಹ ಕಾರುಗಳ ಮೇಲೆ ಬಿದ್ದುದು ತಡವಾಗಿ. ರೇಸ್ ಮುಗಿದ ಮೇಲೆ ಅವು ಟ್ಯಾಕ್ಸಿಗಳಾಗಿ ಸವೆದವು, ಇಲ್ಲವೇ ಬಿಡಿಭಾಗಗಳಾಗಿ ಹಂಚಿಹೋದವು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಹಳೆಯ ಕಾರು ಎಂದೊಡನೆ ನೆನಪಾಗುವುದು ಮೈಸೂರು ಅರಮನೆ. ಒಡೆಯರ ಅರಮನೆಯಲ್ಲಿ ರೋಲ್ಸ್ ರಾಯ್ಸ್ ಮೊದಲಾದ ಕಾರುಗಳ ದೊಡ್ಡ ಸಮೂಹವೇ ಇತ್ತು. ಅವು ರಾಜಗಾಂಭೀರ್ಯದ ವಾಹನಗಳೇ ಹೊರತು ರೇಸ್ ಕಾರುಗಳಲ್ಲ. ರಾಜ್ಯದಲ್ಲಿ ದೊಡ್ಡ ಕಾರುಗಳ ಓಟಕ್ಕೆ ತಕ್ಕ ಅಂತರರಾಷ್ಟ್ರೀಯ ದರ್ಜೆಯ ಶಾಶ್ವತ ಪಥವಿಲ್ಲ. ಆದ್ದರಿಂದ ಇಲ್ಲಿನ ಮೋಟಾರು ಕ್ರೀಡೆ ರ‍್ಯಾಲಿಯ ರೂಪದಲ್ಲಿ ಬೆಳೆಯಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ 'ಕೆ–1000' ರ‍್ಯಾಲಿ ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಗಳಲ್ಲಿ ನಡೆಯುವ ರ‍್ಯಾಲಿಗಳು ಪ್ರಸಿದ್ಧವಾಗಿವೆ. ಪಥದ ಓಟದಲ್ಲಿ ಆಸಕ್ತಿಯುಳ್ಳವರು ಮದ್ರಾಸಿಗೆ ಹೋಗಬೇಕಾಗಿತ್ತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 1980ರ ದಶಕದಲ್ಲಿ ಎನ್‌ಸೈನ್ ಕಂಪನಿಯ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದು ಶೋಲಾವರಂನಲ್ಲಿಯೇ. ಮುಂದೆ ಅವರು ಹಳೆಯ ಕಾರುಗಳ ಸಂಗ್ರಾಹಕರಾಗಿಯೂ, 2008ರಿಂದ ಸ್ಪರ್ಧಿಸಿದ ಫೋರ್ಸ್ ಇಂಡಿಯಾ ಫಾರ್ಮುಲಾ ಒನ್ ತಂಡದ ಮಾಲೀಕರಾಗಿಯೂ ಹೆಸರಾದರು.

ಜನಸಾಮಾನ್ಯರಿಗೆ ಹಳೆಯ ಕಾರುಗಳನ್ನು ಹತ್ತಿರದಿಂದ ನೋಡುವ ಅವಕಾಶ ಕಲ್ಪಿಸಿದ್ದು ಸಂಗ್ರಹಾಲಯಗಳು. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಅಲ್ಲಿ ಹಳೆಯ ಕಾರುಗಳ ಸಂಗ್ರಹ ಬೆಳೆಯಿತು. ಕ್ಷೇತ್ರಕ್ಕೆ ಬರುವ ಯಾತ್ರಿಕರು ಮಂಜೂಷಾ ವಸ್ತುಸಂಗ್ರಹಾಲಯದೊಂದಿಗೆ ಅದನ್ನೂ ನೋಡಿ ಹೋಗುವುದು ವಾಡಿಕೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಸಮೀಪವಿರುವ 'ಪಯಣ' ಕಾರು ಸಂಗ್ರಹಾಲಯವೂ ಇದೇ ಆಸಕ್ತಿಯ ಫಲ. ಬೆಂಗಳೂರಿನಲ್ಲಿ ಹವ್ಯಾಸಿ ಸಂಘಗಳು ವಿಂಟೇಜ್ ಕಾರುಗಳ ರ‍್ಯಾಲಿಗಳನ್ನು ನಡೆಸುತ್ತವೆ. ಮೈಸೂರು ದಸರಾ ಸಂದರ್ಭದಲ್ಲಿಯೂ ಇಂತಹ ಮೆರವಣಿಗೆಗಳು ನಡೆದಿರುವುದುಂಟು. ಇಲ್ಲಿ ಸೇರುವ ಜನ ಹೆಚ್ಚಾಗಿ ಕೇಳುವುದು ಕಾರಿನ ವೇಗವನ್ನಲ್ಲ. ಅದು ಯಾವ ಇಸವಿಯದು, ಯಾರ ಮನೆಯದು, ಈಗಲೂ ಓಡುತ್ತದೆಯೇ ಎಂಬುದನ್ನು.

ಸಾಮಾನ್ಯರ ಕೈಗೆಟುಕುವ ಪರಂಪರೆಯಾಗಿ ರಾಜ್ಯದಲ್ಲಿ ಉಳಿದಿರುವುದು ಮೋಟಾರು ಬೈಕು. 1960ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ರ‍್ಯಾಲಿ ಮತ್ತು ಮಣ್ಣುಪಥದ ಸ್ಪರ್ಧೆಗಳಲ್ಲಿಯೂ ಇವು ಓಡಿದ್ದವು. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಆಚರಿಸಲಾಗುವ ಜಾವಾ–ಯೆಜ್ಡಿ ದಿನದಂದು ಬೈಕುಗಳ ಮಾಲೀಕರು ಒಂದೆಡೆ ಸೇರುತ್ತಾರೆ.

ಅಸಲಿತನದ ಪ್ರಶ್ನೆ

ರೇಸ್ ಕಾರಿನ ಸ್ವಭಾವವೇ ಬದಲಾಗುವುದು. ಓಟದಿಂದ ಓಟಕ್ಕೆ ಅದರ ಎಂಜಿನ್, ಕವಚ, ಚಾಸಿಗಳು ಬದಲಾಗುತ್ತವೆ. ಹಾಗಾದರೆ ಯಾವುದು ಅಸಲಿ ಎಂಬ ಪ್ರಶ್ನೆ 1990ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. 1929 ಮತ್ತು 1930ರ ಲಾ ಮಾನ್ಸ್ ಓಟಗಳನ್ನು ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಕಾರಿನಲ್ಲಿ ಮೂಲ ಭಾಗಗಳು ಅತ್ಯಲ್ಪವಾಗಿ ಉಳಿದಿದ್ದವು. ಆದರೂ ಅದರ ಬದುಕಿನಲ್ಲಿ ಕಡಿಯದ ಸಾತತ್ಯವಿರುವುದರಿಂದ ಅದು ಅದೇ ಕಾರು ಎಂದು ನ್ಯಾಯಾಲಯ ತೀರ್ಪಿತ್ತಿತು. ಕೊಟ್ಟೂರಿನಂತಹ ಊರುಗಳಲ್ಲಿ ಗಾಲಿ, ಅಚ್ಚು ಬದಲಾದರೂ ತೇರು ಊರಿನ ಅದೇ ತೇರಾಗಿ ಉಳಿಯುವುದನ್ನು ಬಲ್ಲವರಿಗೆ ಈ ತರ್ಕ ಅಪರಿಚಿತವಲ್ಲ.

ಬೆಲೆ ಏರಿದಂತೆ ಈ ಪ್ರಶ್ನೆ ತೀವ್ರವಾಗಿದೆ. 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ ಕಾರು 2022ರಲ್ಲಿ 13.5 ಕೋಟಿ ಯೂರೋಗೆ ಹರಾಜಾಯಿತು. ಇಷ್ಟು ಬೆಲೆಬಾಳುವ ಕಾರನ್ನು ಪಥಕ್ಕಿಳಿಸಲು ಮಾಲೀಕರು ಹಿಂಜರಿಯುತ್ತಾರೆ. ಓಡದ ರೇಸ್ ಕಾರು ಪ್ರೇಕ್ಷಕರಿಗೆ ಅರ್ಧ ಮಾತ್ರ ದಕ್ಕುತ್ತದೆ ಎಂಬುದು ಒಂದು ವಾದ. ಓಡಿಸಿ ಕಳೆದುಕೊಂಡರೆ ಮತ್ತೆ ಸಿಗದು ಎಂಬುದು ಇನ್ನೊಂದು.

ಕಾನೂನು

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ಕವಚ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ ದ್ವಿಚಕ್ರ ಮತ್ತು ನಾಲ್ಕುಚಕ್ರ ವಾಹನಗಳಿಗೆ ಇದು ಅನ್ವಯಿಸುತ್ತದೆ. ಇವುಗಳಿಗೆ 'ವಿಎ' ಅಕ್ಷರಗಳುಳ್ಳ ನೋಂದಣಿ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದ್ದು, ನೋಂದಣಿ 10 ವರ್ಷ ಚಾಲ್ತಿಯಲ್ಲಿರುತ್ತದೆ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ, ದುರಸ್ತಿ ಮುಂತಾದ ಉದ್ದೇಶಗಳಿಗೆ ಮಾತ್ರ ಇವುಗಳನ್ನು ರಸ್ತೆಗಿಳಿಸಬಹುದು. ರೇಸಿಗಾಗಿ ಎಂಜಿನ್ ಅಥವಾ ಕವಚವನ್ನು ಮಾರ್ಪಡಿಸಿಕೊಂಡ ಹಳೆಯ ಫಿಯೆಟ್, ಹೆರಾಲ್ಡ್ ಕಾರುಗಳು ಈ ವ್ಯಾಖ್ಯೆಗೆ ಸುಲಭವಾಗಿ ಒಗ್ಗುವುದಿಲ್ಲ. ಅವುಗಳಿಗೆ ಐತಿಹಾಸಿಕ ಮೌಲ್ಯ ತಂದುಕೊಟ್ಟಿದ್ದು ಆ ಮಾರ್ಪಾಡುಗಳೇ.

ಸವಾಲುಗಳು

ಹಳೆಯ ಕಾರುಗಳನ್ನು ಓಡುವ ಸ್ಥಿತಿಯಲ್ಲಿಡುವುದು ವರ್ಷದಿಂದ ವರ್ಷಕ್ಕೆ ಕಠಿಣವಾಗುತ್ತಿದೆ. ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಸುವ ಕ್ರಮ 2025ರ ವೇಳೆಗೆ ದೇಶದಲ್ಲಿ ವ್ಯಾಪಕವಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ರಬ್ಬರ್ ನಳಿಕೆ, ಬಿರಡೆಗಳನ್ನು ಕೆಡಿಸುತ್ತದೆ. ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮಾರುಕಟ್ಟೆಗಳನ್ನು ಜಾಲಾಡಬೇಕಾಗುತ್ತದೆ; ಸಿಗದಿದ್ದರೆ ಲೇತ್ ಯಂತ್ರದಲ್ಲಿ ಹೊಸದಾಗಿ ಕಡೆಯಬೇಕಾಗುತ್ತದೆ. ಕಾರ್ಬುರೇಟರಿನ ಸದ್ದು ಕೇಳಿಯೇ ದೋಷ ಹೇಳಬಲ್ಲ ಮೆಕ್ಯಾನಿಕರು ಮುಪ್ಪಿಗೆ ಸರಿದಿದ್ದಾರೆ. ಅವರ ವಿದ್ಯೆ ಪುಸ್ತಕಗಳಲ್ಲಿ ದಾಖಲಾದದ್ದು ಕಡಿಮೆ. ಅದು ಶಿಷ್ಯರ ಕೈಗೆ ಬಂದರಷ್ಟೇ ಉಳಿಯುವಂಥದು.

ಇನ್ನೊಂದೆಡೆ ಹೊಸ ಕೈಗಳೂ ಸಿದ್ಧವಾಗುತ್ತಿವೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ 'ಅಶ್ವ ರೇಸಿಂಗ್', ಮಣಿಪಾಲದ 'ಫಾರ್ಮುಲಾ ಮಣಿಪಾಲ್' ಮೊದಲಾದ ವಿದ್ಯಾರ್ಥಿ ತಂಡಗಳು ತಾವೇ ರೇಸ್ ಕಾರು ವಿನ್ಯಾಸಗೊಳಿಸಿ, ಕಟ್ಟಿ, ಸ್ಪರ್ಧೆಗಿಳಿಸುತ್ತವೆ. ಹಳೆಯ ರೇಸ್ ಕಾರುಗಳು ಈ ಪೀಳಿಗೆಗೆ ಪ್ರದರ್ಶನದ ವಸ್ತುಗಳಾಗಿ ಮಾತ್ರ ಉಳಿಯುವವೋ ಅಥವಾ ಬಿಚ್ಚಿ ಕಲಿಯಬಹುದಾದ ಪಾಠಗಳಾಗುವವೋ ಎಂಬುದು ಅವುಗಳನ್ನು ಓಡುವ ಸ್ಥಿತಿಯಲ್ಲಿಡುವ ಪ್ರಯತ್ನಗಳನ್ನು ಅವಲಂಬಿಸಿದೆ.