ಜನಪದ ಮಹಾಕಾವ್ಯ ಮತ್ತು ರಾಕ್ ಆಲ್ಬಮ್: ಚಿತ್ರದುರ್ಗ ಸೀಮೆಯ ನೆಲೆಯಿಂದ ಒಂದು ವಿವೇಚನೆ

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯೂ ಹಿರಿಯೂರು, ಹೊಳಲ್ಕೆರೆ, ಚಳ್ಳಕೆರೆ ತಾಲ್ಲೂಕುಗಳೂ ಸೇರಿದ ಬಯಲುಸೀಮೆಯು ಕನ್ನಡ ಜಾನಪದ ಅಧ್ಯಯನದಲ್ಲಿ ಪಶುಪಾಲಕ ಸಂಸ್ಕೃತಿಯ ನೆಲವೆಂದೇ ಪರಿಚಿತವಾಗಿದೆ. ಕಾಡುಗೊಲ್ಲರ ಹಟ್ಟಿಗಳು, ಮ್ಯಾಸಬೇಡರ ದೇವರೆತ್ತುಗಳ ಗೂಡುಗಳು, ಜುಂಜಪ್ಪ, ಎತ್ತಪ್ಪ ಮೊದಲಾದ ಸಾಂಸ್ಕೃತಿಕ ವೀರರ ಕಥನಗಳು ಈ ಸೀಮೆಯ ಮೌಖಿಕ ಪರಂಪರೆಯನ್ನು ರೂಪಿಸಿವೆ. ಜುಂಜಪ್ಪನ ಕಾವ್ಯದೊಡನೆ ಬೆಸೆದುಕೊಂಡಿರುವ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲೂ, ಬಾಗಿದ ಕೋಲಿನಿಂದ ಚರ್ಮವನ್ನು ಉಜ್ಜಿ ಮೊರೆಯುವ ನಾದವನ್ನು ಹೊರಡಿಸುವ ಉರುಮೆಯೂ ಇಲ್ಲಿನ ವಿಶಿಷ್ಟ ವಾದ್ಯಗಳು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತಿದ್ದವರು. ಅವರಿಂದ ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದ ಹಾಡುಗಳು ‘ಸಾವಿರದ ಸಿರಿಬೆಳಗು’ ಎಂಬ ಹೆಸರಿನಲ್ಲಿ ಗ್ರಂಥರೂಪ ಪಡೆದವು.

ಇದೇ ಕಾಲಘಟ್ಟದಲ್ಲಿ, ಅಂದರೆ 1990ರ ದಶಕದ ಕೊನೆಯಿಂದೀಚೆಗೆ, ಬೆಂಗಳೂರು ಮೈಸೂರುಗಳ ಯುವ ಸಂಗೀತಗಾರರು ‘ಜಾನಪದ ರಾಕ್’ ಎಂಬ ಹಣೆಪಟ್ಟಿಯೊಡನೆ ಧ್ವನಿಮುದ್ರಿಕೆಗಳನ್ನು ಹೊರತರತೊಡಗಿದರು. ಇವುಗಳನ್ನು ಮೆಚ್ಚಿದವರೂ ಇದ್ದಾರೆ, ಜಾನಪದದ ಅಪಭ್ರಂಶವೆಂದು ಮೂಗು ಮುರಿದವರೂ ಇದ್ದಾರೆ. ಆದರೆ ಈ ಎರಡೂ ಅಭಿಪ್ರಾಯಗಳು ಒಂದು ಮೂಲಭೂತ ಪ್ರಶ್ನೆಯನ್ನು ಬದಿಗೊತ್ತಿವೆ. ಈ ಆಲ್ಬಮ್‌ಗಳಲ್ಲಿ ‘ಜಾನಪದ’ವೆಂದು ಕರೆಸಿಕೊಂಡದ್ದು ಯಾವುದು, ಅದರೊಳಗೆ ಬಾರದೆ ಹೊರಗೇ ಉಳಿದದ್ದು ಯಾವುದು ಎಂಬುದೇ ಆ ಪ್ರಶ್ನೆ.

ಪಾಶ್ಚಾತ್ಯ ರಾಕ್ ಸಂಗೀತಕ್ಕೂ ಕರ್ನಾಟಕಕ್ಕೂ ಏರ್ಪಟ್ಟ ಆರಂಭದ ಗಂಭೀರ ಸಂಬಂಧಗಳಲ್ಲೊಂದು ಜಾನಪದದ ಮೂಲಕ ಬಂದುದಲ್ಲ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯೇ ಅದಕ್ಕೆ ಸೇತುವೆಯಾಯಿತು. ಮ್ಯೂನಿಕ್‌ನ ಎಂಬ್ರಿಯೊ ಎಂಬ ಪ್ರಯೋಗಶೀಲ ತಂಡವು 1978–79ರಲ್ಲಿ ನೆಲಮಾರ್ಗವಾಗಿ ಭಾರತಕ್ಕೆ ಬಂದು, ಇಲ್ಲಿನ ಕಲಾವಿದರೊಡನೆ ನುಡಿಸಿ, ಆ ಪಯಣದ ಧ್ವನಿಮುದ್ರಣಗಳನ್ನು 1979ರಲ್ಲಿ ‘ಎಂಬ್ರಿಯೋಸ್ ರೈಸೆ’ ಎಂಬ ಜೋಡಿ ಆಲ್ಬಮ್ಮಾಗಿ ಪ್ರಕಟಿಸಿತು. ಎಂಬ್ರಿಯೊದಿಂದ ಕವಲೊಡೆದ ಡಿಸಿಡೆಂಟನ್ ತಂಡದ ‘ಜರ್ಮನಿಸ್ತಾನ್’ (1982), ಚಾರ್ಲಿ ಮರಿಯಾನೊ ಅವರ ‘ಜ್ಯೋತಿ’ (1983) ಇವು ಅದೇ ಸಂಸ್ಥೆಯ ಸಹಯೋಗದಲ್ಲಿ ಹೊರಬಂದವು. ‘ಜ್ಯೋತಿ’ಯಲ್ಲಿ ಆರ್.ಎ. ರಮಾಮಣಿ ಅವರ ಕಂಠಕ್ಕೂ ಸ್ಯಾಕ್ಸೊಫೋನಿಗೂ ನಡೆಯುವ ಸಂವಾದವು ಇಂದಿಗೂ ಮಾಸಿಲ್ಲ. ಆದರೆ ಪ್ರಗತಿಶೀಲ ರಾಕ್‌ನ ಈ ಸಂಗೀತಗಾರರು ಇಲ್ಲಿ ಅರಸಿದ್ದು ತಾಳದ ಲೆಕ್ಕಾಚಾರವನ್ನು. ಕಥನವನ್ನು ಅವರು ಅರಸಲಿಲ್ಲ. ಮುಂದೆ ಬೆಂಗಳೂರಿನಲ್ಲೇ ಹುಟ್ಟಿದ ಅಗಮ್ ತಂಡದ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ (2012), ಪ್ರಾಜೆಕ್ಟ್ ಮಿಶ್ರಮ್ ತಂಡದ ‘ಮೆಸೊ’ (2021) ಮುಂತಾದವು ಇದೇ ಹಾದಿಯನ್ನು ಹಿಡಿದವು. ರಾಗ, ಜತಿ, ವಿಷಮ ಲಯ ಇವು ಪ್ರಗತಿಶೀಲ ರಾಕ್‌ಗೆ ಸಹಜವಾಗಿಯೇ ಒಗ್ಗಿದವು. ಹಟ್ಟಿಯ ಹಾಡು ಆ ಮನೆಗೆ ಹೊಗಲಿಲ್ಲ.

ಜಾನಪದದ ಹೆಸರಿನಲ್ಲಿ ರಾಕ್ ವೇದಿಕೆಗೆ ಬಂದದ್ದು ಮುಖ್ಯವಾಗಿ ಶಿಶುನಾಳ ಶರೀಫರ (1819–1889) ತತ್ತ್ವಪದ. ಇದಕ್ಕೊಂದು ಪೂರ್ವೇತಿಹಾಸವಿದೆ. ಶರೀಫರ ಪದಗಳು ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಸಾಗಿ ಬಂದವು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಅವುಗಳನ್ನು ಸುಗಮ ಸಂಗೀತದ ವಲಯಕ್ಕೆ ಪರಿಚಯಿಸಿದರು. ‘ಶರೀಫ ಭಟ್ಟ’ರೆಂದು ಅವರು ಹೆಸರಾದದ್ದು ಇದರಿಂದಲೇ. ಸಿ. ಅಶ್ವಥ್ ಅವರ ಸ್ವರಸಂಯೋಜನೆ, ಶಿವಮೊಗ್ಗ ಸುಬ್ಬಣ್ಣನವರ ಗಾಯನ, ಧ್ವನಿಸುರುಳಿಗಳ ವ್ಯಾಪಕ ಪ್ರಸಾರ ಮತ್ತು ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ (1990) ಚಲನಚಿತ್ರ ಇವೆಲ್ಲ ಸೇರಿ ಹಳೆಯ ಮೈಸೂರು ಸೀಮೆಯ ನಗರವಾಸಿಗಳ ಕಿವಿಯಲ್ಲಿಯೂ ಶರೀಫರನ್ನು ನೆಲೆಗೊಳಿಸಿದವು. ಹೀಗಾಗಿ ರಾಕ್ ತಂಡಗಳ ಯುವಕರು ಶರೀಫರನ್ನು ಅರಸಿ ಶಿಶುನಾಳಕ್ಕೆ ಹೋಗಬೇಕಾಗಿರಲಿಲ್ಲ. ಅವರ ಮನೆಯ ಟೇಪ್‌ರೆಕಾರ್ಡರಿನಲ್ಲೇ ಶರೀಫರಿದ್ದರು. ‘ಜಾನಪದ’ವೆನಿಸಿಕೊಂಡದ್ದು ಕ್ಯಾಸೆಟ್ಟಿನ ಮೂಲಕ ಬಂದ, ಕರ್ತೃವಿನ ಹೆಸರೂ ಕಾಲವೂ ಸ್ಪಷ್ಟವಾಗಿ ತಿಳಿದಿರುವ ಅನುಭಾವ ಸಾಹಿತ್ಯ ಎಂಬುದನ್ನು ಗಮನಿಸಬೇಕು.

ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ (2008) ಈ ದೃಷ್ಟಿಯಿಂದ ಮಹತ್ವದ್ದು. ಅದರಲ್ಲಿನ ಎಂಟು ಗೀತೆಗಳಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ ಎರಡೂ ಶರೀಫರವು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಸೇರಿಕೊಂಡವು. ಕನ್ನಡದ ಪದವೊಂದು ಗಿಟಾರು, ಪಿಟೀಲು, ಡ್ರಮ್ಸ್‌ಗಳೊಡನೆ 2010–11ರಲ್ಲಿ ಇಂಗ್ಲೆಂಡಿನ ದೂರದರ್ಶನ ವೇದಿಕೆಗೂ ಗ್ಲಾಸ್ಟನ್‌ಬರಿ ಉತ್ಸವಕ್ಕೂ ತಲುಪಿದ್ದು ಸಣ್ಣ ಸಾಧನೆಯಲ್ಲ. ಈ ಯಶಸ್ಸಿಗೆ ರಚನಾಗತ ಕಾರಣವೊಂದಿದೆ. ತತ್ತ್ವಪದಕ್ಕೆ ಪಲ್ಲವಿಯುಂಟು, ಮೂರೋ ನಾಲ್ಕೋ ನುಡಿಗಳುಂಟು, ಪ್ರತಿ ನುಡಿಯ ಕೊನೆಗೆ ಮೇಳದವರು ಪಲ್ಲವಿಯನ್ನು ಎತ್ತಿ ಹಾಡುವ ಪದ್ಧತಿಯುಂಟು. ರಾಕ್ ಗೀತೆಯ ಅಂಗರಚನೆಯೂ ಬಹುಮಟ್ಟಿಗೆ ಇದೇ. ಭಜನೆಯ ಹಿಮ್ಮೇಳದ ಸ್ಥಾನದಲ್ಲಿ ಪ್ರೇಕ್ಷಕ ಸಮೂಹ ನಿಂತಿತು, ಅಷ್ಟೇ ವ್ಯತ್ಯಾಸ. ಆದರೆ ಈ ಆಲ್ಬಮ್ಮಿನ ‘ಗುಡುಗುಡಿ’ಯಲ್ಲಿ ಪದದೊಳಗಿನ ವ್ಯಂಗ್ಯವು ಲಯದ ಉತ್ಸಾಹದಲ್ಲಿ ಕೊಚ್ಚಿಹೋಗುತ್ತದೆ. ದೇಹವೇ ಹುಕ್ಕಾ ಎಂಬ ರೂಪಕ ಕೇಳುಗನನ್ನು ತಟ್ಟುವ ಮೊದಲೇ ಕುಣಿತ ಆರಂಭವಾಗಿಬಿಡುತ್ತದೆ. ‘ಸೋರುತಿಹುದು’ ಇದಕ್ಕಿಂತ ಉತ್ತಮ. ಅಲ್ಲಿ ರಾಗದ ಅಳಲು ಸಾಹಿತ್ಯದ ಅಳಲಿಗೆ ಜೊತೆಯಾಗಿ ನಿಲ್ಲುತ್ತದೆ.

ಸ್ವರಾತ್ಮ ತಂಡದ ಕ್ರಮ ಬೇರೆ. 2009ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಅವರು ಹಳೆಯ ಪದಗಳನ್ನು ಎತ್ತಿಕೊಳ್ಳುವುದಕ್ಕಿಂತ ‘ಈ ಭೂಮಿ’ಯಂಥ ಹೊಸ ಕನ್ನಡ ರಚನೆಗೆ ಜನಪದದ ಬನಿಯನ್ನು ಕೊಡಲು ಯತ್ನಿಸಿದರು. ವೇದಿಕೆಯಲ್ಲಿ ಕೀಲುಕುದುರೆಯ ವೇಷ ತೊಟ್ಟು ಕುಣಿಯುವುದು ಅವರ ಗುರುತಾಯಿತು. ಇದು ದೃಶ್ಯದ ಎರವಲೇ ಹೊರತು ನಾದದ ಎರವಲಲ್ಲ ಎಂಬ ಆಕ್ಷೇಪಕ್ಕೆ ಅವಕಾಶವಿದ್ದರೂ, ಸುಳ್ಳು ಪ್ರಾಚೀನತೆಯ ಸೋಗು ಅದರಲ್ಲಿಲ್ಲ.

ಇನ್ನು ಹೆವಿ ಮೆಟಲ್. ಬೆಂಗಳೂರಿನಲ್ಲಿ 1998ರಲ್ಲಿ ಆರಂಭವಾದ ಕ್ರಿಪ್ಟೋಸ್ ತಂಡವು ‘ಸ್ಪೈರಲ್ ಅಸೆಂಟ್’ (2004) ಮೊದಲ್ಗೊಂಡು ಹಲವು ಆಲ್ಬಮ್‌ಗಳನ್ನು ಪ್ರಕಟಿಸಿ, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. 2007ರಲ್ಲಿ ಅರಮನೆ ಮೈದಾನದಲ್ಲಿ ನಡೆದ ಐರನ್ ಮೇಡನ್ ಕಾರ್ಯಕ್ರಮವು ಈ ಪ್ರಕಾರಕ್ಕೆ ಇಲ್ಲಿ ಎಂಥ ಶ್ರೋತೃವರ್ಗವಿದೆಯೆಂಬುದನ್ನು ತೋರಿಸಿತು. ಅದೇ ಮೈದಾನದಲ್ಲಿ ಎರಡು ವರ್ಷ ಮೊದಲು ಅಶ್ವಥ್ ಅವರ ‘ಕನ್ನಡವೇ ಸತ್ಯ’ ನಡೆದಿತ್ತು. ಎರಡು ಜನಸಾಗರಗಳು ಒಂದೇ ನೆಲದಲ್ಲಿ ನೆರೆದರೂ ಒಂದರ ಹಾಡು ಇನ್ನೊಂದರ ಕಿವಿಗೆ ಬಿದ್ದಂತೆ ತೋರುವುದಿಲ್ಲ. ಬೆಂಗಳೂರಿನ ಈ ಮೆಟಲ್ ತಂಡಗಳ ಸಾಹಿತ್ಯ ಬಹುತೇಕ ಇಂಗ್ಲಿಷಿನದು. ‘ಬೇವರ್ ಸೀ’ ಎಂಬ ತಂಡದ ಹೆಸರಿನಲ್ಲಿ ಮಾತ್ರ ನಮ್ಮ ಬೀದಿಯ ಬೈಗುಳವೊಂದು ಇಂಗ್ಲಿಷಿನ ವೇಷದಲ್ಲಿ ಅವಿತಿದೆ.

ಇಲ್ಲಿ ಫಿನ್ಲೆಂಡಿನ ನಿದರ್ಶನವು ಹೋಲಿಕೆಗೆ ಒದಗಿಬರುತ್ತದೆ. ಎಲಿಯಾಸ್ ಲೊನ್‌ರೋಟ್ ಮೌಖಿಕ ಗೀತೆಗಳನ್ನು ಕಲೆಹಾಕಿ 1835ರಲ್ಲಿ ಪ್ರಕಟಿಸಿದ ‘ಕಾಲೆವಾಲ’ 1849ರಲ್ಲಿ 50 ಸರ್ಗಗಳ, 22,795 ಸಾಲುಗಳ ಕಾವ್ಯವಾಗಿ ಬೆಳೆಯಿತು. ಅದನ್ನು ಆಧರಿಸಿ ಸಿಬೆಲಿಯಸ್ 1892ರಲ್ಲಿ ‘ಕುಲ್ಲೆರ್ವೊ’ವನ್ನು ರಚಿಸಿದ. ನೂರು ವರ್ಷಗಳ ಅನಂತರ ಅಮೊರ್ಫಿಸ್ ಎಂಬ ಮೆಟಲ್ ತಂಡವು ‘ಟೇಲ್ಸ್ ಫ್ರಮ್ ದ ಥೌಸಂಡ್ ಲೇಕ್ಸ್’ (1994) ಆಲ್ಬಮ್ಮನ್ನು ಅದೇ ಕಾವ್ಯದ ಮೇಲೆ ಕಟ್ಟಿತು. 2006ರ ‘ಎಕ್ಲಿಪ್ಸ್’ನಲ್ಲಿ ಕುಲ್ಲೆರ್ವೊನ ಕಥೆಗೆ ಮತ್ತೆ ಮರಳಿತು. ಜನಪದ ಮೆಟಲ್ ಎಂಬ ಪ್ರಕಾರ ಇಂಗ್ಲೆಂಡಿನ ಸ್ಕೈಕ್ಲಾಡ್ ತಂಡದ 1991ರ ಆಲ್ಬಮ್ಮಿನೊಡನೆ ಆರಂಭವಾಯಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆಯಾದರೂ, ಮಹಾಕಾವ್ಯವೊಂದನ್ನು ಇಡಿಯಾಗಿ ಹೊರುವ ಶಕ್ತಿಯನ್ನು ಅದಕ್ಕೆ ಗಳಿಸಿಕೊಟ್ಟವರಲ್ಲಿ ಫಿನ್ಲೆಂಡಿನವರು ಪ್ರಮುಖರು.

ಅದೇ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಕರ್ನಾಟಕದ ಕರಾವಳಿಗೆ ಬಂದು, ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಕನ್ನಡನಾಡಿನ ವಿದ್ವಾಂಸರೊಡನೆ ಸೇರಿ ದಾಖಲಿಸಿ, 15,683 ಸಾಲುಗಳ ಪಠ್ಯವಾಗಿ 1998ರಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ (1973) ಆಗಲೇ ಬಂದಿತ್ತು. ಜೀ.ಶಂ. ಪರಮಶಿವಯ್ಯನವರಂಥ ಹಿರಿಯರ ಕ್ಷೇತ್ರಕಾರ್ಯ ನಡೆದಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜನಪದ ಮಹಾಕಾವ್ಯಗಳನ್ನು ಪ್ರಕಟಿಸಿತು. ಆದ್ದರಿಂದ ಪಠ್ಯಗಳ ಅಭಾವವೇ ಕಾರಣವೆನ್ನಲಾಗದು. ನಮ್ಮ ರಂಗಭೂಮಿ ಇಂಥ ಸಾಮಗ್ರಿಯನ್ನು ಧೈರ್ಯವಾಗಿ ಬಳಸಿಕೊಂಡಿದೆ. ಕಂಬಾರರ ‘ಜೋಕುಮಾರಸ್ವಾಮಿ’, ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಇದಕ್ಕೆ ಸಾಕ್ಷಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ತಿರುಗಾಟವು ಹಳ್ಳಿಯ ಪ್ರೇಕ್ಷಕರು ಇಡೀ ನಾಟಕಗಳನ್ನು ಕುಳಿತು ನೋಡುವರೆಂಬುದನ್ನು ವರ್ಷವರ್ಷವೂ ತೋರಿಸಿಕೊಟ್ಟಿದೆ. ಹಿಂದೆ ಬಿದ್ದದ್ದು ಧ್ವನಿಮುದ್ರಿಕೆಯ ಲೋಕ.

ಇದರ ಕಾರಣವನ್ನು ಕಾಲಪ್ರಮಾಣದಲ್ಲಿ ಹುಡುಕುವುದು ಯುಕ್ತ. 78 ಸುತ್ತಿನ ತಟ್ಟೆಯ ಒಂದು ಮಗ್ಗುಲು ಸುಮಾರು 3 ನಿಮಿಷ. 1948ರಲ್ಲಿ ಬಂದ ದೀರ್ಘಾವಧಿ ತಟ್ಟೆಯ ಮಗ್ಗುಲು ಸುಮಾರು 22 ನಿಮಿಷ. ಪ್ರಗತಿಶೀಲ ರಾಕ್ ಹುಟ್ಟಿದ್ದೇ ಈ ಎರಡನೆಯ ಅವಕಾಶದಿಂದ. ಜೆಥ್ರೊ ಟಲ್ ತಂಡದ ‘ಥಿಕ್ ಆ್ಯಸ್ ಎ ಬ್ರಿಕ್’ (1972) ಎರಡೂ ಮಗ್ಗುಲನ್ನು ವ್ಯಾಪಿಸಿದ ಒಂದೇ ರಚನೆ. ಅದೇ ವರ್ಷದ ಯೆಸ್ ತಂಡದ ‘ಕ್ಲೋಸ್ ಟು ದ ಎಡ್ಜ್’ನ ಶೀರ್ಷಿಕೆಗೀತೆ ಒಂದು ಮಗ್ಗುಲನ್ನು ಪೂರ್ತಿ ತುಂಬುತ್ತದೆ. ಹಾಡು, ಮಾತು, ಮತ್ತೆ ಹಾಡು, ನಡುವೆ ವಾದ್ಯದ ವಿರಾಮ, ಹಿಂದೆ ಬಂದ ಮಟ್ಟೊಂದು ಮುಂದೆಲ್ಲೋ ಮರಳಿ ಬರುವುದು ಇವು ರಾತ್ರಿಯಿಡೀ ನಡೆಯುವ ಕಥಾಗಾಯನಕ್ಕೆ ಹೊಸವಲ್ಲ. ಜುಂಜಪ್ಪನ ಕಥೆಗೆ ಪಾಶ್ಚಾತ್ಯ ಪ್ರಕಾರಗಳಲ್ಲಿ ಸಮೀಪದ ನೆಂಟ ಇದ್ದರೆ ಅದು ಈ ದೀರ್ಘ ರಚನೆಯೇ. ನಾಲ್ಕು ನಿಮಿಷದ ಗೀತೆಯಲ್ಲ. ಉರುಮೆಯ ಮೊರೆತಕ್ಕೂ ಮೆಟಲ್ ಗಿಟಾರಿನ ಒಡಕು ನಾದಕ್ಕೂ ಇರುವ ಸಾಮ್ಯವನ್ನು ಕಿವಿಯುಳ್ಳವರು ಕೂಡಲೇ ಗುರುತಿಸುವರು. ಆದರೂ ಕನ್ನಡದ ತಂಡಗಳು ತತ್ತ್ವಪದದ ಸಿದ್ಧ ಪಲ್ಲವಿಯಲ್ಲೇ ನಿಂತವು. ವಿಪರ್ಯಾಸವೆಂದರೆ, ಯಾವ ಪ್ರಯೋಗದ ಹಂಬಲವೂ ಇಲ್ಲದ ಜಾತ್ರೆಯ ಅಂಗಡಿಗಳ ಕ್ಯಾಸೆಟ್ಟುಗಳು ಮಾದೇಶ್ವರನ ಕಥೆಯನ್ನು ಭಾಗ ಭಾಗವಾಗಿ ಮುದ್ರಿಸಿ ಮಾರಿದವು. ಕಥೆಯ ಉದ್ದಕ್ಕೆ ಅವು ಅಂಜಲಿಲ್ಲ.

ಕಾಲಪ್ರಮಾಣವೊಂದೇ ಅಡ್ಡಿಯಲ್ಲ. ಗಣೆಯ ನುಡಿಸಾಣಿಕೆ, ಜುಂಜಪ್ಪನ ಹಾಡುಗಾರಿಕೆ ಇವು ಆಚರಣೆಗೆ ಸೇರಿದವು. ಅವುಗಳಿಗೆ ಸಮಯ, ಸ್ಥಳ, ಒಡೆತನಗಳಿವೆ. ಲೊನ್‌ರೋಟನ ಕಾವ್ಯ ಇಂದು ಒಂದು ರಾಷ್ಟ್ರದ ಆಸ್ತಿ, ಅದನ್ನು ಬಳಸಲು ಯಾವ ಹಟ್ಟಿಯ ಅಪ್ಪಣೆಯೂ ಬೇಕಿಲ್ಲ. ಜುಂಜಪ್ಪನಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ಈ ಅಂತರವನ್ನು ಮರೆತು ‘ನಮ್ಮಲ್ಲೂ ಒಂದು ಅಮೊರ್ಫಿಸ್ ಬರಬೇಕು’ ಎಂದು ಹಾರೈಸುವುದು ಅವಸರವಾದೀತು.

ಕಾನೂನಿನ ಸ್ಥಿತಿಯೂ ಇಲ್ಲಿ ಪ್ರಸ್ತುತ. 1957ರ ಕೃತಿಸ್ವಾಮ್ಯ ಅಧಿನಿಯಮವು ಕರ್ತೃವಿಗೆ ಜೀವಿತಕಾಲ ಹಾಗೂ ಅನಂತರದ 60 ವರ್ಷಗಳ ಹಕ್ಕನ್ನು ನೀಡುತ್ತದೆ. ಕರ್ತೃವಿಲ್ಲದ ಸಮುದಾಯದ ಹಾಡು ಅದರ ಕಕ್ಷೆಗೆ ಬರುವುದಿಲ್ಲ. 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯಮಾಡಿತು. ಅದರ ಅವಧಿ ಈಗ 50 ವರ್ಷ. ಆದರೆ ಅದು ರಕ್ಷಿಸುವುದು ಹಾಡಿದವರ ಆ ಪ್ರದರ್ಶನವನ್ನು, ಹಾಡನ್ನಲ್ಲ. 2022ರಲ್ಲಿ ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಗೀತೆಯು ತಮ್ಮ ‘ನವರಸಂ’ ಅನ್ನು ಹೋಲುತ್ತದೆಂದು ಕೇರಳದ ರಾಕ್ ತಂಡ ಥೈಕ್ಕುಡಂ ಬ್ರಿಡ್ಜ್ ನ್ಯಾಯಾಲಯದ ಮೆಟ್ಟಿಲೇರಿದಾಗ ಅದಕ್ಕೆ ವಾದಿಸಲು ನೆಲೆಯಿತ್ತು. ಏಕೆಂದರೆ ಆ ಸಂಯೋಜನೆಗೆ ಹೆಸರುಳ್ಳ ಒಡೆಯರಿದ್ದರು. ಚಿತ್ರದ ಆಧಾರವಾದ ಭೂತಾರಾಧನೆಯ ಪಾಡ್ದನಗಳಿಗೆ ಅಂಥ ನೆಲೆಯಿಲ್ಲ.

ಶರೀಫರ ಪದಗಳನ್ನು ಬಳಸಿದ ಆಲ್ಬಮ್‌ಗಳಿಗೆ ಈ ತೊಡಕು ಎದುರಾಗಲಿಲ್ಲ. ಅಲ್ಲಿ ಶರೀಫರ ಹೆಸರನ್ನು ಬರೆದರೆ ಸಾಕಿತ್ತು. ಹಟ್ಟಿಯ ಹಾಡನ್ನು ಎತ್ತಿಕೊಳ್ಳುವ ಆಲ್ಬಮ್ಮಿನ ಹೊದಿಕೆಯ ಮೇಲೆ, ಕರ್ತೃವಿನ ಹೆಸರಿಗೆಂದು ಬಿಟ್ಟ ಜಾಗದಲ್ಲಿ, ‘ಜಾನಪದ’ ಎಂಬ ಒಂದೇ ಪದಕ್ಕೆ ಬದಲಾಗಿ ಹಾಡಿಕೊಟ್ಟವರ ಹೆಸರನ್ನೂ ಹಟ್ಟಿಯ ಹೆಸರನ್ನೂ ಸಂಗ್ರಾಹಕರ ಹೆಸರನ್ನೂ ಮುದ್ರಿಸಲು ಕಾನೂನಿನ ತಿದ್ದುಪಡಿ ಬೇಕಾಗಿಲ್ಲ. ಯಲಗಟ್ಟೆಯ ಸಿರಿಯಜ್ಜಿಯ ಹೆಸರನ್ನು ಗ್ರಂಥಗಳು ಬಹಳ ಹಿಂದೆಯೇ ಮುದ್ರಿಸಿವೆ.